ಗಂಜಿ ಕುಡಿಯುವವರ ನರಕ

2024ರ ಸೆಪ್ಟೆಂಬರ್ 29ರಂದು ಕಲರ್ಸ್ ಕನ್ನಡ ವಾಹಿನಿಯಲ್ಲಿ ಬಿಗ್ ಬಾಸ್‌ನ 11ನೆಯ ಆವೃತ್ತಿ ಆರಂಭವಾದಾಗ ಆ ದೊಡ್ಡ ಮನೆ ಎರಡು ಪಾಲಾಗಿತ್ತು. ಒಂದು ಪಾಲಿಗೆ ಸ್ವರ್ಗವೆಂದು ಹೆಸರು, ಇನ್ನೊಂದಕ್ಕೆ ನರಕವೆಂದು. ಸ್ವರ್ಗದವರಿಗೆ ಮೆತ್ತನೆಯ ಹಾಸಿಗೆ, ಬೇಕಾದ್ದು ಬೇಯಿಸಿಕೊಳ್ಳುವ ಅನುಕೂಲ. ನರಕದವರಿಗೆ ಕಂಬಿಗಳ ಆಚೆ ವಾಸ, ಊಟಕ್ಕೆ ಗಂಜಿ. ಇವರು ತಿನ್ನುವುದನ್ನು ಅವರು ನೋಡಬೇಕು, ಅವರು ಹಸಿದಿರುವುದನ್ನು ಇವರು ನೋಡಬೇಕು, ಇಬ್ಬರನ್ನೂ ನಾವು ಮನೆಯಲ್ಲಿ ಕಾಲು ಚಾಚಿ ಕೂತು ನೋಡಬೇಕು. ಯಾರ ಗುಣ ಎಂಥದು ಎಂಬುದು ಇದರಿಂದ ಹೊರಬೀಳುತ್ತದೆ ಎನ್ನುವುದು ಆಟದ ಹಿಂದಿನ ಲೆಕ್ಕಾಚಾರ.

ನನಗೆ ಮಾತ್ರ ಮೊದಲು ಕಣ್ಣಿಗೆ ಬಿದ್ದದ್ದು ಗಂಜಿ. ನಮ್ಮ ಕರಾವಳಿಯಲ್ಲಿ ಕುಚ್ಚಲಕ್ಕಿ ಗಂಜಿ ಶಿಕ್ಷೆಯಲ್ಲ, ಊಟ. ಬಿಸಿ ಗಂಜಿಗೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿ ಅಥವಾ ಸುಟ್ಟ ಮೆಣಸಿನ ಚಟ್ನಿ ಇದ್ದರೆ ಮದುವೆಮನೆಯಲ್ಲಿ ನಾಲ್ಕು ದಿನ ಉಂಡು ಬಂದ ನಾಲಿಗೆಗೆ ಜೀವ ಬರುತ್ತದೆ. ಜ್ವರ ಬಿಟ್ಟ ಮಗುವಿಗೆ ಅದೇ. ಗದ್ದೆ ಕೆಲಸಕ್ಕೆ ಹೋಗುವವರಿಗೂ ಅದೇ. ಘಟ್ಟದ ಮೇಲಿನವರಿಗೆ ಅಂಬಲಿ ಇದ್ದ ಹಾಗೆ. ಇದನ್ನು ನರಕದ ಊಟ ಎಂದು ತೀರ್ಮಾನಿಸಿದವರು ಯಾರ ಮನೆಯ ಅಡುಗೆಯವರನ್ನು ಕೇಳಿದ್ದರೋ! ನರಕವೆಂದರೆ ಹೇಗಿರಬೇಕು ಎಂದು ಕೂತು ಯೋಚಿಸಿದವರಿಗೆ ಹೊಳೆದದ್ದು ಕಾದ ಎಣ್ಣೆಯ ಕೊಪ್ಪರಿಗೆಯಲ್ಲ. ಒಂದು ಬಟ್ಟಲು ಗಂಜಿ, ಇಕ್ಕಟ್ಟಿನ ಜಾಗ, ಇನ್ನೊಬ್ಬರ ಅಪ್ಪಣೆಗೆ ಕಾಯುವುದು. ಅಂದರೆ ನಮ್ಮ ಬೀದಿಯ ಕೊನೆಯ ನಾಲ್ಕು ಮನೆಗಳ ಬದುಕು.

ಆಮೇಲೆ ನಡೆದದ್ದು ನಿಮಗೆ ಗೊತ್ತಿದೆ. ರಾಜ್ಯ ಮಹಿಳಾ ಆಯೋಗಕ್ಕೆ ದೂರು ಹೋಯಿತು. ನರಕದಲ್ಲಿರುವವರಿಗೆ ಸರಿಯಾದ ಆಹಾರವಿಲ್ಲ, ಶೌಚಾಲಯಕ್ಕೆ ಹೋಗುವುದಕ್ಕೂ ಕಟ್ಟುಪಾಡು, ಹೆಣ್ಣುಮಕ್ಕಳ ಖಾಸಗಿತನಕ್ಕೆ ಧಕ್ಕೆ ಎಂಬುದು ಆಕ್ಷೇಪ. ಆಯೋಗ ಪೊಲೀಸರಿಗೆ ಪತ್ರ ಬರೆಯಿತು, ಪೊಲೀಸರು ನೋಟಿಸು ಕೊಟ್ಟರು. ಅಕ್ಟೋಬರ್ ತಿಂಗಳಲ್ಲೇ ನರಕವನ್ನು ಒಡೆದು ತೆಗೆದು ಮನೆಯನ್ನು ಒಂದು ಮಾಡಲಾಯಿತು. ಆಗ ನಕ್ಕವರೇ ಹೆಚ್ಚು. ದುಡ್ಡು ತೆಗೆದುಕೊಂಡು, ಸಹಿ ಹಾಕಿ, ಇಷ್ಟಪಟ್ಟು ಒಳಗೆ ಹೋದವರಿಗೆ ಆಯೋಗ ಯಾತಕ್ಕೆ ಎಂದರು. ಈ ಮಾತನ್ನು ಗಂಡಸರು ಆಡಿದರೆ ನನಗೆ ಆಶ್ಚರ್ಯವಿಲ್ಲ. ಹೆಂಗಸರೂ ಆಡಿದರು. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ನೀರು ಕುಡಿಯದೆ ಹೊರಡುವವರು ನಾವು. ಸಂತೆ, ಕಚೇರಿ, ಜಾತ್ರೆ, ನೆಂಟರ ಮನೆ, ಎಲ್ಲಿಗೆ ಹೋದರೂ ಮೊದಲು ಆ ಒಂದು ಜಾಗ ಎಲ್ಲಿದೆ ಎಂದು ಮನಸ್ಸಿನಲ್ಲೇ ಹುಡುಕುವವರು. ನಮಗೆ ಅದು ತಮಾಷೆಯಾಗಿ ಕಾಣಬಾರದಿತ್ತು. ಸಹಿ ಹಾಕಿದ ಮಾತ್ರಕ್ಕೆ ಮೂತ್ರ ತಡೆದುಕೊಳ್ಳುವ ಸಂಕಟ ಮನರಂಜನೆ ಆಗುವುದಿಲ್ಲ. ಆಯೋಗ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಆದರೆ ನರಕ ಬೇಗ ಹೋದದ್ದರಿಂದ ಒಂದು ನಷ್ಟವೂ ಆಯಿತು. ಇಂಥ ಆಟ ಪೂರ್ತಿ ನಡೆದರೆ ಏನು ಕಾಣುತ್ತದೆ ಎನ್ನುವುದು ನಮಗೆ ಕಾಣಲಿಲ್ಲ. ಕಾಣಬೇಕೆಂದರೆ ಹಿಂದಕ್ಕೆ ಹೋಗಬೇಕು. ಈ ಎರಡು ಪಾಲಿನ ಆಟ ನಮ್ಮವರು ಕಂಡುಹಿಡಿದದ್ದಲ್ಲ. 2013ರಲ್ಲಿ ಹಿಂದಿಯ ಬಿಗ್ ಬಾಸ್ ಏಳನೆಯ ಆವೃತ್ತಿಯಲ್ಲಿ ಜನ್ನತ್, ಜಹನ್ನುಮ್ ಎಂದು ಮನೆಯನ್ನು ಇದೇ ರೀತಿ ಹಂಚಿದ್ದರು. ಅದಕ್ಕೂ ಮುಂಚೆ, 2007ರಲ್ಲಿ, ಅಮೆರಿಕದ ಸಿಬಿಎಸ್ ವಾಹಿನಿಯ 'ಸರ್ವೈವರ್' ಎಂಬ ಹೆಸರಾಂತ ಕಾರ್ಯಕ್ರಮ ತನ್ನ 14ನೆಯ ಆವೃತ್ತಿಯನ್ನು ಫಿಜಿ ದ್ವೀಪದಲ್ಲಿ ನಡೆಸಿತು. ಕಬ್ಬಿನ ಗದ್ದೆಗಳಿಗೆ ದುಡಿಯಲೆಂದು 1879ರಿಂದ ನಮ್ಮ ದೇಶದ ಬಡವರನ್ನು ಹಡಗಿನಲ್ಲಿ ತುಂಬಿ ಒಯ್ದರಲ್ಲ, ಅದೇ ಫಿಜಿ.

ನಾನು ನೋಡಿದ ಇಂಥ ಕಾರ್ಯಕ್ರಮಗಳಲ್ಲಿ ಇಷ್ಟು ಕ್ರೂರವಾದದ್ದೂ ಇಲ್ಲ, ತನಗೇ ಗೊತ್ತಿಲ್ಲದೆ ಇಷ್ಟು ಸತ್ಯ ಹೇಳಿದ್ದೂ ಇಲ್ಲ. 19 ಜನರನ್ನು ಕಡಲತೀರದಲ್ಲಿ ಇಳಿಸಿ, ಸಾಮಾನು ಸರಂಜಾಮು ಕೊಟ್ಟು, ಎಲ್ಲರೂ ಸೇರಿ ಒಂದು ಬಿಡಾರ ಕಟ್ಟಿ ಎಂದರು. ಕಟ್ಟಿದರು. ಮಲಗುವ ಜಾಗ, ಅಡುಗೆಮನೆ, ಪಾತ್ರೆ ಪಡಗ, ಸ್ನಾನಕ್ಕೆ ವ್ಯವಸ್ಥೆ, ಕಕ್ಕಸು, ಕೂರಲು ಸೋಫಾ ಕೂಡ. ಕಟ್ಟಿದ ಮೇಲೆ ಅವರನ್ನು ಮೋಟೊ, ರಾವು ಎಂಬ ಎರಡು ಬಣಗಳಾಗಿ ಒಡೆದರು. ಒಂದು ಪಂದ್ಯ ಇಟ್ಟರು. ಗೆದ್ದ ಮೋಟೊ ಬಣಕ್ಕೆ ಆ ಬಿಡಾರ. ಸೋತ ರಾವು ಬಣಕ್ಕೆ ಬೇರೊಂದು ಬರಿ ತೀರ. ಕೈಗೆ ಒಂದು ಪಾತ್ರೆ, ಒಂದು ಮಚ್ಚು. ಬೆಂಕಿ ಹೊತ್ತಿಸುವುದೇ ಅವರಿಗೆ ದೊಡ್ಡ ಪಾಡು, ಬೆಂಕಿಯಿಲ್ಲದೆ ನೀರು ಕಾಯಿಸುವಂತಿಲ್ಲ. ಬಿಡಾರ ಕಟ್ಟುವಾಗ ಮುಂದೆ ನಿಂತು ನಡೆಸಿಕೊಟ್ಟ ಹೆಂಗಸು ಸಿಲ್ವಿಯಾ ಕ್ವಾನ್, ವೃತ್ತಿಯಲ್ಲಿ ಕಟ್ಟಡಗಳ ನಕ್ಷೆ ಹಾಕುವವರು. ಆಕೆ ಬಂದು ಬಿದ್ದದ್ದು ರಾವು ಬಣಕ್ಕೆ. ತಾನು ಕಟ್ಟಿಸಿದ ಮನೆಯಲ್ಲಿ ಆಮೇಲೆ ಒಂದು ರಾತ್ರಿಯೂ ಮಲಗದೆ ಆಟದಿಂದ ಹೊರಬಿದ್ದರು. ಕಾರ್ಯಕ್ರಮದವರು ಇದನ್ನು ಬೇಕೆಂದು ಮಾಡಲಿಲ್ಲ, ಆದರೆ ನಮ್ಮ ಊರಿನ ಹೊಸ ಬಡಾವಣೆಗಳಲ್ಲಿ ತಲೆಯ ಮೇಲೆ ಇಟ್ಟಿಗೆ ಹೊತ್ತು ಗೃಹಪ್ರವೇಶದ ದಿನ ಗೇಟಿನ ಹೊರಗೆ ನಿಲ್ಲುವ ಹೆಂಗಸರು ನನಗೆ ನೆನಪಾದರು.

ಮುಂದಿನ ಕಥೆ ಊಹಿಸಬಹುದು. ರಾವು ಬಣ ಸೋತಿತು, ಮತ್ತೆ ಸೋತಿತು, ಮತ್ತೂ ಸೋತಿತು. ನಿದ್ದೆಯಿಲ್ಲ, ಹೊಟ್ಟೆಗಿಲ್ಲ, ಬಾಯಾರಿದೆ. ಓಟವೆಂದರೆ ಕಾಲು ಏಳದು, ಒಗಟೆಂದರೆ ತಲೆ ಓಡದು. ಸೋತಾಗಲೆಲ್ಲ ಒಬ್ಬರನ್ನು ಹೊರಹಾಕಬೇಕಾದ್ದರಿಂದ ಅವರ ಬಾಯಲ್ಲಿ ಒಬ್ಬರ ಮೇಲೊಬ್ಬರಿಗೆ ದೂರು. ಅತ್ತ ಉಂಡು ಮಲಗಿ ಎದ್ದು ಬರುವ ಮೋಟೊದವರು ನಗುನಗುತ್ತಾ ಗೆಲ್ಲುತ್ತಿದ್ದರು. ನೋಡುವವರಿಗೆ ಹೇಗೆ ಕಾಣುತ್ತದೆ ಹೇಳಿ? ಇವರು ಒಗ್ಗಟ್ಟಿನವರು, ಅವರು ಜಗಳಗಂಟರು. ಇವರು ಚುರುಕು, ಅವರು ಮಂಕು. ಕ್ಯಾಮೆರಾ ಸುಳ್ಳು ಹೇಳುತ್ತಿಲ್ಲ, ಜಗಳವೂ ನಿಜ, ಮಂಕೂ ನಿಜ. ಅದು ಎಲ್ಲಿಂದ ಬಂತು ಎನ್ನುವುದನ್ನು ಮಾತ್ರ ಅದು ಹಿಡಿಯುವುದಿಲ್ಲ.

ಆಟದ ಮಧ್ಯೆ ಒಮ್ಮೆ ಗೆದ್ದ ಮೋಟೊದವರಿಗೆ ಒಂದು ಆಯ್ಕೆ ಕೊಟ್ಟರು. ಗೆಲುವನ್ನು ಇಟ್ಟುಕೊಳ್ಳಿ, ಯಾರೂ ಹೊರಹೋಗಬೇಕಾಗಿಲ್ಲ, ಆದರೆ ಬಿಡಾರವನ್ನು ರಾವು ಬಣಕ್ಕೆ ಬಿಟ್ಟುಕೊಡಿ. ಇಲ್ಲವೇ ಬಿಡಾರ ಇಟ್ಟುಕೊಳ್ಳಿ, ಗೆಲುವನ್ನು ಬಿಟ್ಟುಕೊಟ್ಟು ನಿಮ್ಮವರಲ್ಲೇ ಒಬ್ಬರನ್ನು ಹೊರಹಾಕಿ. ಮೋಟೊದವರು ಬಿಡಾರ ಇಟ್ಟುಕೊಂಡರು. ತಮ್ಮ ಬಣದ ಒಬ್ಬ ಹೆಣ್ಣುಮಗಳನ್ನು ಮನೆಗೆ ಕಳಿಸಿದರು. ನನಗೆ ಇಡೀ ಆವೃತ್ತಿಯಲ್ಲಿ ಮರೆಯಲಾಗದ ಘಳಿಗೆ ಅದು. ಆ ಹೊತ್ತಿಗೆ ಸುಖ ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಜೊತೆಯವಳೊಬ್ಬಳನ್ನು ಕಳೆದುಕೊಳ್ಳುವುದು ಹಾಸಿಗೆ ಕಳೆದುಕೊಳ್ಳುವುದಕ್ಕಿಂತ ಹಗುರವಾಗಿ ಕಂಡಿತು. ಯಾರೂ ಕೆಟ್ಟವರಲ್ಲ. ಸಂಜೆ ಅಡುಗೆಮನೆಯಲ್ಲಿ ಬಿಸಿಬಿಸಿಯಾಗಿ ಬೇಯಿಸಿಕೊಂಡು ಉಂಡಿರುತ್ತಾರೆ, ಅಷ್ಟೆ.

ಆಮೇಲೆ ಬಣಗಳನ್ನು ಕಲಸಿ ಮತ್ತೆ ಹಂಚಿದರು. ಇಲ್ಲಿದೆ ನೋಡಿ ತಮಾಷೆ. ಮೋಟೊದಲ್ಲಿದ್ದಾಗ ಗೆದ್ದು ಗೆದ್ದು ಎದೆಯುಬ್ಬಿಸಿದ್ದ ಗಟ್ಟಿಮುಟ್ಟಿನ ಹುಡುಗರು ಇಬ್ಬರು ಈ ಬಾರಿ ರಾವು ಪಾಲಿಗೆ ಬಂದರು. ರಾವುವಿನಿಂದ ಅರ್ಲ್ ಕೋಲ್, 50 ದಾಟಿದ ಯೌ-ಮನ್ ಚಾನ್ ಮೊದಲಾದವರು ಮೋಟೊ ಬಿಡಾರಕ್ಕೆ ಹೋದರು. ತೋಳ್ಬಲದ ಲೆಕ್ಕದಲ್ಲಿ ರಾವು ಗೆಲ್ಲಬೇಕಿತ್ತು. ಗೆಲ್ಲಲಿಲ್ಲ. ಅದೇ ಹುಡುಗರು ಬರಿ ತೀರಕ್ಕೆ ಬಂದದ್ದೇ ತಡ, ಸೋತರು. ಬಣಗಳು ಒಂದಾಗುವವರೆಗೂ ಹೊರಗುಳಿಯುವ ಭಯದಿಂದ ಪಾರಾಗುವ ಒಂದು ಪಂದ್ಯವನ್ನೂ ರಾವು ಗೆಲ್ಲಲಿಲ್ಲ. ಮನುಷ್ಯರು ಬದಲಾದರೂ ಫಲಿತಾಂಶ ಬದಲಾಗದಿದ್ದರೆ ಸೋತದ್ದು ಮನುಷ್ಯರೇ, ಜಾಗವೇ? ಒಬ್ಬ ಪಂಡಿತರು ಪುಸ್ತಕ ಬರೆದು ವಾದಿಸಬೇಕಾದ್ದನ್ನು ಒಂದು ಟೀವಿ ಆಟ ತೋರಿಸಿಬಿಟ್ಟಿತು. ತೋರಿಸಿ, ಅದರ ಬಗ್ಗೆ ಒಂದು ಮಾತೂ ಆಡದೆ ಮುಂದಿನ ಪಂದ್ಯಕ್ಕೆ ಹೋಯಿತು.

ಕೊನೆಯಲ್ಲಿ 10 ಲಕ್ಷ ಡಾಲರ್ ಗೆದ್ದದ್ದು ಅರ್ಲ್ ಕೋಲ್. ಒಂಬತ್ತಕ್ಕೆ ಒಂಬತ್ತೂ ಮತ ಅವರಿಗೇ. ರಾವುವಿನಿಂದ ಬಂದವನೇ ಗೆದ್ದನಲ್ಲ, ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ ಎನ್ನುವವರಿದ್ದಾರೆ. ಇರಬಹುದು. ಆದರೆ ಅರ್ಲ್ ಮಧ್ಯದಲ್ಲಿ ಮೋಟೊ ಬಿಡಾರದಲ್ಲಿ ಉಂಡು ಮಲಗಿ ಚೇತರಿಸಿಕೊಂಡಿದ್ದರು. ಮೊದಲಿಂದ ಕೊನೆಯವರೆಗೆ ರಾವುವಿನಲ್ಲೇ ಉಳಿದವರ ಹೆಸರು ಇಂದು ಎಷ್ಟು ಜನರಿಗೆ ನೆನಪಿದೆ?

ಆ ಆವೃತ್ತಿಯ ಬಗ್ಗೆ ಈಗಲೂ ಚರ್ಚೆ ನಡೆಯುವುದು ಬೇರೆ ಒಂದು ಸಂಗತಿಗೆ. ಯೌ-ಮನ್ ಒಂದು ಪಂದ್ಯದಲ್ಲಿ ದೊಡ್ಡ ಟ್ರಕ್ಕೊಂದನ್ನು ಗೆದ್ದರು. ಅದನ್ನು ಡ್ರೀಮ್ಜ್ ಎಂದು ಕರೆಸಿಕೊಳ್ಳುತ್ತಿದ್ದ ಆಂಡ್ರಿಯಾ ಹರ್ಡ್‌ಗೆ ಕೊಟ್ಟು ಒಂದು ಮಾತು ತೆಗೆದುಕೊಂಡರು. ನಾಲ್ಕೇ ಜನ ಉಳಿದಾಗ ನೀನು ಗೆದ್ದರೆ ಆ ರಕ್ಷೆಯನ್ನು ನನಗೆ ಕೊಡಬೇಕು ಎಂದು. ಡ್ರೀಮ್ಜ್ ಒಪ್ಪಿದ. ಆ ದಿನ ಬಂತು, ಅವನೇ ಗೆದ್ದ, ಕೊಡಲಿಲ್ಲ. ಯೌ-ಮನ್ ಹೊರಬಿದ್ದರು. ಚಿಕ್ಕಂದಿನಲ್ಲಿ ತಲೆಯ ಮೇಲೆ ಸೂರಿಲ್ಲದೆ ದಿನ ಕಳೆದವನು ಅವನು. ಕೊನೆಯ ಮತದಾನದಲ್ಲಿ ಅವನಿಗೆ ಬಿದ್ದದ್ದು ಸೊನ್ನೆ. ಮಾತಿಗೆ ತಪ್ಪಿದ್ದು ತಪ್ಪೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಒಂದನ್ನು ಗಮನಿಸಿ. ಹಾಸಿಗೆಗಾಗಿ ಗೆಳತಿಯನ್ನು ಕಳಿಸಿದ ಇಡೀ ಬಣದ ನಿರ್ಧಾರವನ್ನು ಆಟದ ಲೆಕ್ಕಾಚಾರ ಎಂದರು. ಕೈಗೆ ಬಂದದ್ದನ್ನು ಬಿಡಲಾರದೆ ಹೋದ ಒಬ್ಬ ಬಡವನದು ಮಾತ್ರ ನೀತಿಯ ಪ್ರಶ್ನೆಯಾಯಿತು. ಹೊಟ್ಟೆ ತುಂಬಿದವರ ಸ್ವಾರ್ಥಕ್ಕೆ ಸಭ್ಯವಾದ ಹೆಸರುಗಳು ಬೇಕಾದಷ್ಟು ಇವೆ.

ಇದು ದೂರದ ದ್ವೀಪದ ಕಥೆ ಎನ್ನಿಸಿದರೆ ನಮ್ಮ ಬಳಗದ ಇಬ್ಬರು ಓರಗಿತ್ತಿಯರ ವಿಷಯ ಹೇಳುತ್ತೇನೆ. ಹಿರಿಯವಳು ಹಳ್ಳಿಮನೆಯಲ್ಲಿ. ಸೌದೆ ಒಲೆ, ಬಾವಿ ನೀರು, ಕೊಟ್ಟಿಗೆ. ಕಿರಿಯವಳು ಪೇಟೆಯಲ್ಲಿ. ಗ್ಯಾಸು, ಮಿಕ್ಸಿ, ಅಡುಗೆಮನೆಯಲ್ಲೇ ನಲ್ಲಿ. ಅತ್ತೆ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ಹಬ್ಬದಲ್ಲಿ ಎಲ್ಲರೂ ಸೇರಿದಾಗ ಅವರ ತೀರ್ಪು ಹೊರಬೀಳುತ್ತಿತ್ತು. "ಚಿಕ್ಕವಳ ಕೈ ಚುರುಕು. ಹನ್ನೊಂದು ಗಂಟೆಗೆಲ್ಲ ಅಡುಗೆ ಮುಗಿಸಿ, ತಲೆ ಬಾಚಿ, ಹೂ ಮುಡಿದು ನಗುತ್ತಾ ಕೂತಿರುತ್ತಾಳೆ. ದೊಡ್ಡವಳಿಗೆ ಮೂರು ಹೊತ್ತೂ ಸಿಡಿಮಿಡಿ." ಹಿರಿಯವಳು ಬಹಳ ವರ್ಷ ಸುಮ್ಮನಿದ್ದು ಒಂದು ಗೌರಿ ಹಬ್ಬದ ದಿನ ಹೇಳಿದಳು: "ಅತ್ತೆ, ಅವಳ ಮನೆ ನಲ್ಲಿ ನಮ್ಮನೆಗೆ ಹಾಕಿಸಿಕೊಡಿ, ಆಮೇಲೆ ನನ್ನ ನಗು ನೋಡಿ." ಅತ್ತೆಗೆ ಅದೂ ಸಿಡಿಮಿಡಿಯಾಗಿಯೇ ಕೇಳಿಸಿತು.

ಬಿಗ್ ಬಾಸ್ ಮನೆಯನ್ನು ನಾವು ನೋಡುವುದು ಈ ಅತ್ತೆಯ ಕಣ್ಣಿನಿಂದಲೇ. ಯಾರು ಕೂಗಾಡಿದರು, ಯಾರು ಸಮಾಧಾನದಿಂದಿದ್ದರು ಎಂದು ಮರುದಿನ ಕಾಂಪೌಂಡಿನ ಮೇಲೆ ಕೈಯಿಟ್ಟು ಪಕ್ಕದ ಮನೆಯವರೊಡನೆ ತೀರ್ಪು ಹೇಳುತ್ತೇವೆ. ಶನಿವಾರ ಭಾನುವಾರ ಸುದೀಪ್ ಅವರು ಬಂದು ಕೂಗಾಡಿದವರನ್ನು ವಿಚಾರಿಸಿಕೊಂಡರೆ ನಮಗೆ ತೃಪ್ತಿ. ಸುದೀಪ್ ಮಾತಿನಲ್ಲಿ ತೂಕವಿದೆ, ಅನೇಕ ಸಲ ನ್ಯಾಯವೂ ಇರುತ್ತದೆ. ಆದರೆ ಅವರ ಮುಂದಿರುವುದು ವಾರದಲ್ಲಿ ಯಾರು ಏನು ಆಡಿದರು ಎಂಬ ಪಟ್ಟಿ. ಆಡುವ ಮುನ್ನ ಯಾರು ಏನು ಉಂಡಿದ್ದರು ಎಂಬುದಲ್ಲ. ಆ ಆವೃತ್ತಿಯನ್ನು 2025ರ ಜನವರಿಯಲ್ಲಿ ಗೆದ್ದದ್ದು ಹಾವೇರಿ ಜಿಲ್ಲೆಯ ಹಾಡುಗಾರ ಹನುಮಂತ. ಕುರಿ ಕಾಯುತ್ತಿದ್ದ ಹುಡುಗ, 50 ಲಕ್ಷ ಗೆದ್ದ. ಅವನು ಆ ಮನೆಯೊಳಗೆ ಕಾಲಿಟ್ಟದ್ದು ತಡವಾಗಿ, ನರಕ ಒಡೆದ ಮೇಲೆ. ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಸೂರು ಆದ ಮನೆಗೆ ಬಂದ. ಕರ್ನಾಟಕದ ಜನ ಅವನನ್ನು ಮನಸಾರೆ ಮೆಚ್ಚಿದರು, ನಾನೂ ಮೆಚ್ಚಿದೆ.

ಇಂಥ ಆಟ ಇನ್ನೂ ಬರುತ್ತದೆ, ಬೇರೆ ಹೆಸರಿನಲ್ಲಿ, ಬೇರೆ ಬಣ್ಣದ ಗೋಡೆಗಳೊಂದಿಗೆ. ನೋಡಬೇಡಿ ಎನ್ನುವವಳು ನಾನಲ್ಲ, ರಾತ್ರಿ ಒಂಬತ್ತೂವರೆಗೆ ನನ್ನ ಪಾತ್ರೆಯೂ ಸಿಂಕಿನಲ್ಲೇ ಉಳಿಯುತ್ತದೆ. ನಡೆಸುವವರನ್ನು ಒಂದೆರಡು ಕೇಳಬೇಕೆನಿಸುತ್ತದೆ. ಪಾಲು ಮಾಡುವುದಾದರೆ ವಾರಕ್ಕೊಮ್ಮೆ ಪಾಲು ಬದಲಿಸಿ. ಅಲ್ಲಿದ್ದಾಗ ಸಮಾಧಾನದವರಾಗಿದ್ದವರು ಇಲ್ಲಿಗೆ ಬಂದ ಮೂರನೆಯ ದಿನ ಹೇಗೆ ಮಾತಾಡುತ್ತಾರೆ ಎಂಬುದನ್ನು ಎರಡೂ ತುಣುಕು ಪಕ್ಕಪಕ್ಕ ಇಟ್ಟು ತೋರಿಸಿ. ಶೌಚಾಲಯದ ಬಾಗಿಲನ್ನು ಆಟದಿಂದ ಹೊರಗಿಡಿ. ಇನ್ನು ಗಂಜಿ ಕೊಡುವುದೇ ಆದರೆ ಕುಚ್ಚಲಕ್ಕಿಯದನ್ನೇ ಕೊಡಿ, ಜೊತೆಗೊಂದು ಮಿಡಿ ಉಪ್ಪಿನಕಾಯಿಯೂ ಇರಲಿ.