ಪಾದಕ್ಕೆ ತಿಳಿಯುವ ಸೊಗಸು: ಕ್ಲಚ್, ಫ್ಲೈವೀಲ್ ರಸಿಕರಿಗೊಂದು ಕೈಪಿಡಿ

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆದಾಗ ಹಾಸನ, ಅರಕಲಗೂಡು ಕಡೆಯ ಹುಡುಗರು ಗುಂಪುಗುಂಪಾಗಿ ನೋಡಲು ಹೋಗುತ್ತಾರೆ. ಹೆಚ್ಚಿನವರ ಕಣ್ಣು ತಿರುವಿನಲ್ಲಿ ಎದ್ದ ದೂಳಿನ ಮೇಲೆ, ಜಾರುವ ಹಿಂದಿನ ಚಕ್ರಗಳ ಮೇಲೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಒಂದೆರಡು ಕಾರುಗಳನ್ನು ಕಣ್ಣು ಮುಚ್ಚಿಕೊಂಡು ಕೇಳಿ. ಚಾಲಕನ ಎಡಗಾಲಿನ ಕಸುಬು ಕಣ್ಣಿಗೆ ಕಾಣುವುದಿಲ್ಲ, ಅದು ಕಿವಿಗೆ ಸಿಗುತ್ತದೆ.

ಯಾವ ಕಾರನ್ನು ಕೇಳಬೇಕು ಎನ್ನುವುದೂ ಮುಖ್ಯ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತು ಚಿಕ್ಕಮಗಳೂರಿಗೆ ಬರುತ್ತಿದ್ದ ಕಾಲದಲ್ಲಿ, 2016 ಮತ್ತು 2017ರ ಚಾಂಪಿಯನ್ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫ್ಯಾಬಿಯಾ ಆರ್5. ಅದರಲ್ಲಿರುವುದು ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್. ಗೇರ್ ಏರಿಸಲು ಕ್ಲಚ್ ಬೇಕಿಲ್ಲ, ಹೊರಡುವಾಗ ಬೇಕು. ಕ್ಲಚ್‌ನ ಪಾಠ ಕಲಿಯಬೇಕಾದರೆ ಕಂಪನಿ ಗೇರ್‌ಬಾಕ್ಸ್ ಉಳಿಸಿಕೊಂಡೇ ಓಡುವ ಕೆಳವರ್ಗದ ಕಾರುಗಳ ಹತ್ತಿರ ನಿಲ್ಲಿ. ಗೇರ್ ಬದಲಾಗುವ ಸಂದಿಯಲ್ಲಿ ಎಂಜಿನ್ ದನಿ ಎಷ್ಟು ಬೇಗ ಇಳಿಯುತ್ತದೆ ನೋಡಿ. ಕತ್ತರಿಸಿದಂತೆ ಇಳಿದರೆ ಫ್ಲೈವೀಲ್ (ಎಂಜಿನ್ ಕ್ರ್ಯಾಂಕ್‌ನ ತುದಿಯ ಭಾರದ ಚಕ್ರ) ಹಗುರ. ಎಳೆದುಕೊಂಡು ನಿಧಾನವಾಗಿ ಇಳಿದರೆ ಭಾರ. ಗೇರ್ ಕೂತ ಮೇಲೆ ದನಿ ಏರಿ, ಕಾರು ಮಾತ್ರ ಮುಂದಕ್ಕೆ ನೆಗೆಯದಿದ್ದರೆ ಕ್ಲಚ್ ಪ್ಲೇಟ್ ಸ್ಲಿಪ್ ಆಗುತ್ತಿದೆ. ಸುಟ್ಟ ವಾಸನೆ ಸ್ವಲ್ಪ ಹೊತ್ತಿಗೇ ಬರುತ್ತದೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಿದ್ದಾಗಲೇ ಬಲಗಾಲಿನ ಅಂಚಿನಿಂದ ಆಕ್ಸಿಲರೇಟರ್‌ಗೆ ಚಿಕ್ಕದೊಂದು ಏಟು ಕೊಟ್ಟು ಗೇರ್ ಇಳಿಸುವವನ ಕಾರು ಒಂದಿಷ್ಟೂ ಜರ್ಕ್ ಹೊಡೆಯದೆ ತಿರುವಿನೊಳಗೆ ಹೋಗುತ್ತದೆ. ಇದನ್ನು ಒಮ್ಮೆ ಗುರುತಿಸಿದವರು ಮುಂದೆ ರ‍್ಯಾಲಿ ನೋಡುವ ರೀತಿಯೇ ಬದಲಾಗುತ್ತದೆ.

ಈಗ ನಿಮ್ಮದೇ ಕಾರಿಗೆ ಬರೋಣ. ನಮ್ಮ ಕಡೆ ಹುಡುಗರು ಡೀಸೆಲ್ ಸ್ವಿಫ್ಟ್‌ಗೋ ಪೋಲೊಗೋ ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರ್‌ನ ತಂತ್ರಾಂಶ ತಿದ್ದುವುದು) ಮಾಡಿಸುತ್ತಾರೆ, ಟಾರ್ಕ್ ಏರುತ್ತದೆ, ಕೆಲವೇ ತಿಂಗಳಲ್ಲಿ ನಾಲ್ಕನೇ ಗೇರ್‌ನಲ್ಲಿ ಕ್ಲಚ್ ಸ್ಲಿಪ್ ಶುರುವಾಗುತ್ತದೆ. 1.3 ಲೀಟರ್ ಸ್ವಿಫ್ಟ್ ಡೀಸೆಲ್‌ನ ಮೂಲ ಟಾರ್ಕ್ 190 ನ್ಯೂಟನ್ ಮೀಟರ್. ಕಂಪನಿ ಕ್ಲಚ್ ಅದಕ್ಕೆ ಸ್ವಲ್ಪ ಹೆಚ್ಚುಗಾರಿಕೆ ಇಟ್ಟು ಮಾಡಿದ್ದು. ಆ ಹೆಚ್ಚುಗಾರಿಕೆಯನ್ನು ರೀಮ್ಯಾಪ್ ತಿಂದುಬಿಡುತ್ತದೆ. ಅಂಗಡಿಗೆ ಹೋದರೆ 'ರೇಸ್ ಕ್ಲಚ್' ಎಂಬ ಹೆಸರು ಮೊದಲು ಕಿವಿಗೆ ಬೀಳುತ್ತದೆ. ಅಲ್ಲಿ ತಡೆದು ನಿಲ್ಲಿ.

ಕ್ಲಚ್ ಎಷ್ಟು ಟಾರ್ಕ್ ಹಿಡಿಯಬಲ್ಲದು ಎಂಬುದನ್ನು ನಾಲ್ಕು ಸಂಗತಿಗಳು ನಿರ್ಧರಿಸುತ್ತವೆ: ಪ್ರೆಶರ್ ಪ್ಲೇಟ್‌ನ ಒತ್ತಡ, ಲೈನಿಂಗ್‌ನ ಹಿಡಿತ, ಪ್ಲೇಟ್‌ನ ವ್ಯಾಸ, ಉಜ್ಜುವ ಮೇಲ್ಮೈಗಳ ಸಂಖ್ಯೆ. ವ್ಯಾಸವನ್ನು ಕ್ಲಚ್ ಸುತ್ತಲಿನ ಕವಚವಾದ ಬೆಲ್ ಹೌಸಿಂಗ್ ಕಟ್ಟಿಹಾಕುತ್ತದೆ, ಅದನ್ನು ಹಿಗ್ಗಿಸಲಾಗದು. ಒತ್ತಡ ಹೆಚ್ಚಿಸಿದರೆ ಪೆಡಲ್ ಗಟ್ಟಿಯಾಗುತ್ತದೆ. ಒಂದು ಪ್ಲೇಟ್‌ಗೆ ಎರಡು ಮೇಲ್ಮೈ, ಎರಡು ಪ್ಲೇಟ್‌ಗೆ ನಾಲ್ಕು. ಹಾಗಾಗಿ ಟ್ವಿನ್ ಪ್ಲೇಟ್ ಕ್ಲಚ್ ಅದೇ ಒತ್ತಡದಲ್ಲಿ ಇಮ್ಮಡಿ ಟಾರ್ಕ್ ಹಿಡಿಯುತ್ತದೆ. ಬೆಲೆಯೂ ಹಾಗೆಯೇ ಏರುತ್ತದೆ, ನ್ಯೂಟ್ರಲ್‌ನಲ್ಲಿ ಪೆಡಲ್ ಒತ್ತಿದಾಗ ಒಳಗಿನ ಪ್ಲೇಟುಗಳು ಗಲಗಲ ಎನ್ನುತ್ತವೆ.

ಉಳಿದದ್ದು ಲೈನಿಂಗ್. ಆರ್ಗ್ಯಾನಿಕ್ ಲೈನಿಂಗ್ ಮೆತ್ತಗೆ ಹಿಡಿಯುತ್ತದೆ, ಹಾಫ್ ಕ್ಲಚ್ ಸಹಿಸುತ್ತದೆ, ವಿಪರೀತ ಬಿಸಿಯಾದರೆ ಹಿಡಿತ ಬಿಡುತ್ತದೆ. ಸೆರಾಮಿಕ್ ಬಟನ್ ಪ್ಲೇಟ್ ಬಿಸಿಗೆ ಬಗ್ಗದು, ಆದರೆ ಅದಕ್ಕೆ ನಡುವಿನ ಸ್ಥಿತಿಯೇ ಇಲ್ಲ: ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ. ಈ ಪ್ಲೇಟ್ ಹೇಗಿರುತ್ತದೆಂದು ನೋಡಲು ರೇಸ್ ಟ್ರ್ಯಾಕಿಗೆ ಹೋಗಬೇಕಿಲ್ಲ. ಅರಕಲಗೂಡಿನಲ್ಲೋ ಹೊಳೆನರಸೀಪುರದಲ್ಲೋ ಟ್ರ್ಯಾಕ್ಟರ್ ರಿಪೇರಿ ಮಾಡುವವರ ಶೆಡ್ಡಿಗೆ ಹೋಗಿ ಹಳೆಯ ಕ್ಲಚ್ ಪ್ಲೇಟ್ ತೋರಿಸಿ ಎಂದು ಕೇಳಿ. ಹಲವು ಟ್ರ್ಯಾಕ್ಟರುಗಳಲ್ಲಿ ಇದೇ ಜಾತಿಯ ಬಟನ್ ಪ್ಲೇಟ್ ಇರುತ್ತದೆ. ಆಲೂಗೆಡ್ಡೆ ತುಂಬಿದ ಟ್ರೈಲರ್ ಎಳೆಯಲು ಅದು ಹೇಳಿ ಮಾಡಿಸಿದ್ದು. ಪ್ಲೇಟ್‌ನ ನಡುವಿನ ಸ್ಪ್ರಿಂಗ್‌ಗಳನ್ನೂ ಮುಟ್ಟಿ ನೋಡಿ. ಎಂಜಿನ್‌ನ ನಡುಕವನ್ನು ಗೇರ್‌ಬಾಕ್ಸ್‌ಗೆ ದಾಟದಂತೆ ನುಂಗುವುದು ಅವೇ. ಸ್ಪ್ರಿಂಗ್ ಇಲ್ಲದ ಗಟ್ಟಿ ಹಬ್‌ನ ಪ್ಲೇಟ್ ಅನ್ನು ರಸ್ತೆಯ ಕಾರಿಗೆ ಯಾರು ಕೊಟ್ಟರೂ ಬೇಡ ಎನ್ನಿ.

ಇನ್ನು ಫ್ಲೈವೀಲ್. ನನಗೆ ಇಡೀ ವಿಷಯದಲ್ಲಿ ಅತಿ ಪ್ರಿಯವಾದ ಭಾಗವಿದು. ಬೀಸುವ ಕಲ್ಲಿನಂತೆ ಅದು ಒಮ್ಮೆ ತಿರುಗಿಸಿಕೊಂಡ ಬಲವನ್ನು ಕೂಡಿಟ್ಟುಕೊಳ್ಳುತ್ತದೆ, ಐಡ್ಲಿಂಗ್‌ನಲ್ಲಿ ಎಂಜಿನ್ ಮುಗ್ಗರಿಸದಂತೆ ಕಾಯುತ್ತದೆ. ಹಗುರ ಮಾಡಿದರೆ ಎಂಜಿನ್ ಚುರುಕಾಗಿ ಏರುತ್ತದೆ, ಚುರುಕಾಗಿ ಇಳಿಯುತ್ತದೆ. ಆದರೆ ಲಾಭ ಎಲ್ಲಿ, ಎಷ್ಟು? ಲೆಕ್ಕ ಹಾಕೋಣ. 26 ಸೆಂಟಿಮೀಟರ್ ವ್ಯಾಸದ ಫ್ಲೈವೀಲ್‌ನಿಂದ 3.5 ಕಿಲೊ ಸಮನಾಗಿ ಕಡಿಮೆ ಮಾಡಿದಿರಿ ಎಂದುಕೊಳ್ಳಿ. ಮೊದಲ ಗೇರ್‌ನಲ್ಲಿ ಎಂಜಿನ್ 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಈ ಅನುಪಾತದ ವರ್ಗ ಲೆಕ್ಕಕ್ಕೆ ಬರುವುದರಿಂದ ಕಾರಿನಿಂದ ಸುಮಾರು 70 ಕಿಲೊ ಇಳಿಸಿದಷ್ಟು ವೇಗೋತ್ಕರ್ಷದ ಲಾಭ. ಐದನೇ ಗೇರ್‌ನಲ್ಲಿ ಅದೇ ಲಾಭ ನಾಲ್ಕು ಕಿಲೊಗೂ ಕಡಿಮೆ. ಅಂದರೆ ಆಟೊಕ್ರಾಸ್‌ನಲ್ಲಿ, ಕೆಳ ಗೇರ್‌ಗಳ ಇಕ್ಕಟ್ಟು ತಿರುವುಗಳಲ್ಲಿ ಹಗುರ ಫ್ಲೈವೀಲ್ ದೊಡ್ಡ ವರ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಐದನೇ ಗೇರ್‌ನಲ್ಲಿ ಬರುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಅಂಚಿನಲ್ಲಿ ಕೆರೆದ ಅರ್ಧ ಕಿಲೊ ನಡುವಿನಲ್ಲಿ ಕೆರೆದ ಅರ್ಧ ಕಿಲೊಗಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನೂ ನೆನಪಿಡಿ. ತೂಕ ಎಷ್ಟು ಎಂದು ಮಾತ್ರ ಕೇಳಬೇಡಿ, ಎಲ್ಲಿಂದ ತೆಗೆದದ್ದು ಎಂದು ಕೇಳಿ.

ನಮ್ಮ ಹಾಸನ ಜಿಲ್ಲೆಯವರು ಗಮನಿಸಲೇಬೇಕಾದ ಇನ್ನೊಂದು ಮಾತಿದೆ. ಕ್ಲಚ್ ಉಜ್ಜಿದಾಗ ಹುಟ್ಟುವ ಬಿಸಿಯನ್ನು ಕುಡಿಯುವುದು ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್‌ನ ಲೋಹ. ಶಿರಾಡಿ ಘಾಟಿ ಹತ್ತಿ ಸಕಲೇಶಪುರದತ್ತ ಬರುವಾಗ ಟ್ಯಾಂಕರ್ ಸಾಲಿನ ಹಿಂದೆ ಸಿಕ್ಕಿಕೊಂಡರೆ ಏನಾಗುತ್ತದೆ ಯೋಚಿಸಿ. ಹಗುರ ಫ್ಲೈವೀಲ್‌ನ ಕಾರು ಏರಿನಲ್ಲಿ ಹೊರಡಲು ಹೆಚ್ಚು ಆಕ್ಸಿಲರೇಟರ್ ಕೇಳುತ್ತದೆ, ಹೆಚ್ಚು ಹಾಫ್ ಕ್ಲಚ್ ಕೇಳುತ್ತದೆ. ಬಿಸಿ ಹೆಚ್ಚು ಹುಟ್ಟುತ್ತದೆ, ಅದನ್ನು ಕುಡಿಯುವ ಲೋಹ ಕಡಿಮೆಯಾಗಿರುತ್ತದೆ. ಟ್ರ್ಯಾಕ್‌ನಲ್ಲಿ ಗೆಲ್ಲಿಸುವ ಗುಣವೇ ಘಾಟಿಯಲ್ಲಿ ಪ್ಲೇಟ್ ಸುಡುತ್ತದೆ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ, ಶ್ರೀಪೆರಂಬದೂರು ಬಳಿಯ ಇರುಂಗಾಟುಕೋಟೆಯ ಟ್ರ್ಯಾಕ್, ಇಲ್ಲಿಗೆ ವರ್ಷಕ್ಕೆ ಎರಡು ಬಾರಿ ಹೋಗುವ ಕಾರು ಉಳಿದ ದಿನಗಳಲ್ಲಿ ಮನೆಯವರನ್ನು ಕೂರಿಸಿಕೊಂಡು ಧರ್ಮಸ್ಥಳಕ್ಕೂ ಹೋಗಬೇಕಲ್ಲ.

ಹಳೆಯ ಎರಕದ ಫ್ಲೈವೀಲ್ ಅನ್ನು ಲೇತ್‌ಗೆ ಹಾಕಿಸಿ ತೆಳ್ಳಗೆ ಮಾಡಿಸುವ ಅಭ್ಯಾಸವಿದೆ. ದಯವಿಟ್ಟು ಬೇಡ. ಎರಕದ ಕಬ್ಬಿಣ ಎಳೆತಕ್ಕೆ ದುರ್ಬಲ. ತೆಳುವಾದದ್ದು 6000 ಸುತ್ತಿನಲ್ಲಿ ಸಿಡಿದರೆ ಬೆಲ್ ಹೌಸಿಂಗ್ ಸೀಳಿಕೊಂಡು ಚಾಲಕನ ಕಾಲಿಗೇ ಬರುತ್ತದೆ. ಹಗುರ ಬೇಕಿದ್ದರೆ ಫೋರ್ಜ್ ಮಾಡಿದ ಅಥವಾ ಗಟ್ಟಿ ಉಕ್ಕಿನ ತುಂಡಿನಿಂದ ಕಡೆದ, ಬ್ಯಾಲೆನ್ಸ್ ಮಾಡಿದ ಹೊಸದನ್ನೇ ಕೊಳ್ಳಿ. ಮೂಲ ಫ್ಲೈವೀಲ್‌ನ ಮುಖವನ್ನು ಸಮ ಮಾಡಿಸಲು, ಕಂಪನಿ ಹೇಳಿದ ಮಿತಿಯೊಳಗೆ, ಲೇತ್ ಬಳಸುವುದು ಬೇರೆ ವಿಷಯ, ಅದು ಒಳ್ಳೆಯದೇ. ಸ್ಕೋಡಾ ಲಾರಾದಂಥ 2 ಲೀಟರ್ ಡೀಸೆಲ್ ಕಾರುಗಳಲ್ಲಿರುವ ಡ್ಯುಯಲ್ ಮಾಸ್ ಫ್ಲೈವೀಲ್ ಎರಡು ತುಂಡಾಗಿದ್ದು ನಡುವೆ ಸ್ಪ್ರಿಂಗ್‌ಗಳಿರುತ್ತವೆ. ಅದನ್ನು ತೆಗೆದು ಒಂಟಿ ತುಂಡಿನದು ಹಾಕಿದರೆ ಡೀಸೆಲ್‌ನ ನಡುಕವೆಲ್ಲ ಗೇರ್‌ಬಾಕ್ಸ್‌ನಲ್ಲಿ ಕಟಕಟ ಎಂದು ಕೇಳುತ್ತದೆ.

ಹೊಸ ಸೆಟ್ ಹಾಕಿಸುವಾಗ ಗೇರ್‌ಬಾಕ್ಸ್ ಹೇಗೂ ಇಳಿದಿರುತ್ತದೆ. ರಿಲೀಸ್ ಬೇರಿಂಗ್, ಕ್ರ್ಯಾಂಕ್‌ನ ಹಿಂಬದಿ ಆಯಿಲ್ ಸೀಲ್, ಫ್ಲೈವೀಲ್ ಬೋಲ್ಟ್‌ಗಳು ಹೊಸದಾಗಲಿ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿಸಲು ಹೇಳಿ. ಲೈನಿಂಗ್‌ಗೆ ಎಣ್ಣೆ ಕೈ ತಾಗಬಾರದು. ಆಮೇಲೆ 500ರಿಂದ 800 ಕಿಲೋಮೀಟರ್ ಸಾವಧಾನವಾಗಿ ಓಡಿಸಿ, ಅದೂ ಊರೊಳಗೆ. ಹೆದ್ದಾರಿಯ ಕಿಲೋಮೀಟರ್ ಲೆಕ್ಕಕ್ಕಿಲ್ಲ, ಅಲ್ಲಿ ಕ್ಲಚ್ ಕೆಲಸವನ್ನೇ ಮಾಡುವುದಿಲ್ಲ. ಹಾಸನದ ಬಿ.ಎಂ. ರಸ್ತೆಯಲ್ಲಿ ಸಂಜೆ ಹೊತ್ತು ನಿಂತು ಹೊರಟು, ನಿಂತು ಹೊರಟು ಬಂದರೆ ಪ್ಲೇಟ್ ಮತ್ತು ಫ್ಲೈವೀಲ್ ಮುಖ ಒಂದಕ್ಕೊಂದು ಒಗ್ಗುತ್ತವೆ.

ಕಿವಿಗೆ ಇನ್ನೊಂದು ಪಾಠ. ಪೆಡಲ್ ಒತ್ತಿದಾಗ ಸದ್ದು ಬಂದರೆ ರಿಲೀಸ್ ಬೇರಿಂಗ್ ನೋಡಿಸಿ. ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಬೇರಿಂಗ್ ಮೇಲೆ ಅನುಮಾನ ಇಡಿ.

ಕೊನೆಗೆ ಕಾನೂನಿನ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಸರ್ಕಾರದ ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದನ್ನು ಅಪರಾಧ ಎನ್ನುತ್ತದೆ. ವೇಗದ ಆಸೆಯನ್ನು ಆಟೊಕ್ರಾಸ್‌ಗೆ, ಟ್ರ್ಯಾಕ್‌ಗೆ ಒಯ್ಯಿರಿ. ಹಾಸನ ಸೀಮೆಯ ರಸ್ತೆ ಮತ್ತು ಅಪರೂಪದ ಟ್ರ್ಯಾಕ್ ಎರಡಕ್ಕೂ ಒಂದೇ ಕಾರು ಇಟ್ಟುಕೊಂಡವರಿಗೆ ನನ್ನ ತೀರ್ಪು ಇದು: ಸ್ಪ್ರಿಂಗ್ ಹಬ್‌ನ ಆರ್ಗ್ಯಾನಿಕ್ ಪ್ಲೇಟ್, ಎಂಜಿನ್‌ನ ಈಗಿನ ಟಾರ್ಕ್‌ಗಿಂತ ಶೇಕಡಾ 20ರಷ್ಟು ಹೆಚ್ಚು ಹಿಡಿಯುವ ಪ್ರೆಶರ್ ಪ್ಲೇಟ್, ಕಂಪನಿಯದೇ ಫ್ಲೈವೀಲ್. ಬಟನ್ ಪ್ಲೇಟ್, ಹಗುರ ಫ್ಲೈವೀಲ್ ಎರಡೂ ಟ್ರಕ್ಕಿನ ಮೇಲೆ ಸವಾರಿ ಮಾಡಿ ಟ್ರ್ಯಾಕ್ ಸೇರುವ ಕಾರಿಗೆ ಇರಲಿ.