ಕಲಿತಾಯ್ತು, ಮುಂದಕ್ಕೆ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೆಂಗಸರಿಗೆ ಸಾಂಪ್ರದಾಯಿಕ ಜವಳಿ ಕಸುಬು ಕಲಿಸಿ ಸಬಲೀಕರಣ ಮಾಡ್ತೀವಿ ಅಂತ ಯಾರಾದರೂ ಹೊರಟರೆ ನನಗೆ ಮೊದಲು ಕೇಳಬೇಕು ಅನ್ನಿಸೋದು ಇದು: ಇವರಿಗೆ ಏನು ಗೊತ್ತಿಲ್ಲ ಅಂದುಕೊಂಡಿದ್ದೀರಿ?

ರೇಷ್ಮೆ ಹುಳ ಸಾಕುವ ಮನೆಗೆ ಹೋಗಿ ನೋಡಿ. ಸೊಪ್ಪು ಹಾಕೋದು, ಹಿಕ್ಕೆ ತೆಗೆದು ಚೊಕ್ಕ ಮಾಡೋದು, ಹುಳ ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸೋದು, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡೋದು, ಬಹುಪಾಲು ಹೆಂಗಸರ ಕೈಯದೇ. ನಾಲ್ಕನೇ ಜ್ವರ ಎದ್ದ ಮೇಲಂತೂ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಗೂಡು ಮಾತ್ರ ರಾಮನಗರದ ಮಾರುಕಟ್ಟೆಗೆ ಗಂಡಸರ ಜೊತೆ ಹೋಗುತ್ತೆ. ಹರಾಜಿನ ದುಡ್ಡೂ ಸಾಮಾನ್ಯವಾಗಿ ಅವರ ಕೈಗೇ. ಕೈಮಗ್ಗದ ಮನೆಗಳಲ್ಲೂ ಇದೇ ಲೆಕ್ಕ. ಕೂಲಿ ಸೀರೆಗೆ, ನೂಲು ಸುತ್ತಿ ಕಂಡಿಕೆ ಮಾಡಿಕೊಟ್ಟವಳು ‘ಮನೆಯವಳು’, ಅವಳಿಗೇನು ಕೂಲಿ!

ಹಾಗಾಗಿ ಕಸುಬು ಬರದೆ ಇವರು ಬಡವರಾಗಿಲ್ಲ. ತರಬೇತಿಯ ವರದಿಯಲ್ಲಿ ಎಷ್ಟು ಜನ ಕಲಿತರು ಅನ್ನೋದು ಇರುತ್ತೆ, ಗುಂಪಿನ ಫೋಟೋ ಇರುತ್ತೆ. ವರ್ಷ ಕಳೆದ ಮೇಲೆ ಎಷ್ಟು ಜನ ಅದರಿಂದ ಉಣ್ತಿದ್ದಾರೆ ಅಂತ ಬರೆಯೋರು ಕಮ್ಮಿ. (ಧಾರವಾಡದ ಕಸೂತಿ, ಸಂಡೂರಿನ ಲಂಬಾಣಿ ಕಸೂತಿ ತಂದು ಇಲ್ಲಿ ಕಲಿಸಿ ‘ನಿಮ್ಮ ಪರಂಪರೆ’ ಅಂದರೆ ನಗು ಬರುತ್ತೆ, ಅದು ಬೇರೆ ಮಾತು.)

ಇನ್ನೊಂದು ಕಡೆ ಬೆಳಗಾಗೆದ್ದರೆ ಗಾರ್ಮೆಂಟ್ಸ್ ವ್ಯಾನು ಊರ ಬಾಗಿಲಿಗೆ ಬರುತ್ತೆ. ಸಂಬಳ ಕಮ್ಮಿ, ಸೂಪರ್‌ವೈಸರ್ ಬೈಗುಳ ಜಾಸ್ತಿ. ಆದರೂ ತಿಂಗಳಾದರೆ ಅವಳ ಖಾತೆಗೇ ದುಡ್ಡು, ಪಿಎಫ್, ಇಎಸ್‌ಐ. ಆ ಕೆಲಸವೂ ಗಟ್ಟಿಯಲ್ಲ: 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ ಬಾಗಿಲು ಹಾಕಿ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಹೊರಗೆ ಹಾಕಿತು, ಬಹುಪಾಲು ಹೆಂಗಸರೇ. ಕೈಕಸುಬಿನ ಪರ ಮಾತಾಡೋರು ಈ ವ್ಯಾನಿಗೆ ಸಾಟಿಯಾಗಿ ಏನು ಕೊಡ್ತೀರಿ ಅಂತ ಹೇಳಬೇಕು.

ಕೊಟ್ಟವರು ಇಲ್ಲವೇ ಇಲ್ಲ ಅಂತಲ್ಲ. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಮಗ್ಗ, ಖಾದಿ, ನೈಸರ್ಗಿಕ ಬಣ್ಣದ ಕೆಲಸ ನಡೆಸಿಕೊಂಡು ಬಂದಿದೆ. ಸಾಗರ ತಾಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಜೊತೆಗಿದ್ದು ಬೆಳೆಸಿದ ಚರಕ ಒಂದು ಮಹಿಳಾ ಸಹಕಾರ ಸಂಘ; ಅಲ್ಲಿ ನೇಯ್ದ ಬಟ್ಟೆ ಮಾರೋದಕ್ಕೆ ‘ದೇಸಿ’ ಅಂಗಡಿಗಳಿವೆ. ಕಲಿಸೋದು ಎರಡೂ ಕಡೆ ಇದೆ, ಆದರೆ ಕಲಿತ ಮೇಲೆ ದಿನವೂ ಬಂದು ಕೂರೋದಕ್ಕೆ ಮಗ್ಗವೂ ಇದೆ. ಚರಕದಂಥ ಚರಕವೂ 2020ರಲ್ಲಿ ದಿವಾಳಿ ಅಂತ ಘೋಷಿಸಿಕೊಳ್ಳಬೇಕಾಯ್ತು, ಅಷ್ಟು ಕಷ್ಟದ ದಾರಿ. ಹದಿನೈದು ದಿನದ ಶಿಬಿರ ಮಾಡಿ, ಒಂದು ಪ್ರಮಾಣಪತ್ರ ಕೊಟ್ಟು, ಉಳಿದದ್ದು ನಿಮ್ಮ ಜಾಣತನ ಅಂತ ಕೈ ತೊಳೆದುಕೊಳ್ಳೋರಿಗೆ ಇದು ಗೊತ್ತಿರಬೇಕು.

ನನ್ನನ್ನು ಕೇಳಿದರೆ, ಮದ್ದೂರು, ಮಳವಳ್ಳಿಯಲ್ಲಿ ಗೂಡಿನಿಂದಲೇ ಶುರು ಮಾಡಲಿ. ಹೆಂಗಸರ ಸಂಘವೇ ಗೂಡು ಕೊಳ್ಳಲಿ, ನೂಲು ಬಿಚ್ಚಾಣಿಕೆಯ ಘಟಕ ಸಂಘದ ಹೆಸರಲ್ಲಿರಲಿ. ಬಿಸಿನೀರಲ್ಲಿ ಕೈ ಬೇಯುವ ಕೆಲಸ ಅದು, ಹಗುರದ್ದಲ್ಲ. ಅದಕ್ಕೇ ಕೂಲಿ ಎಷ್ಟು, ನೂಲು ಕೊಳ್ಳೋರು ಯಾರು ಅನ್ನೋದು ತರಬೇತಿಯ ಮೊದಲ ದಿನವೇ ಬೋರ್ಡಿನ ಮೇಲೆ ಬರೆದಿರಬೇಕು.