ವೈಟ್‌ಫೀಲ್ಡ್ ಎಂಬ ಅಗ್ರಹಾರ

ಬೆಂಗಳೂರಿನ ಪತ್ರಿಕೆಗಳ ಪುರವಣಿಗಳಲ್ಲಿ, ಅದರಲ್ಲೂ ಕ್ರಿಸ್ಮಸ್ ಹತ್ತಿರ ಬಂದಾಗ, ಒಂದು ಲೇಖನ ತಪ್ಪದೆ ಬರುತ್ತದೆ. ಬರೆದವರ ಹೆಸರು ಬದಲಾಗುತ್ತದೆ, ಫೋಟೊ ಬದಲಾಗುತ್ತದೆ, ಲೇಖನ ಮಾತ್ರ ಅದೇ. ವೈಟ್‌ಫೀಲ್ಡ್ ಒಂದು ಕಾಲಕ್ಕೆ ಪುಟ್ಟ ಇಂಗ್ಲಿಷ್ ಹಳ್ಳಿಯಾಗಿತ್ತು. ನಡುವೆ ಹುಲ್ಲುಹಾಸು, ಅದರ ಸುತ್ತ ಕಿಟಕಿಗಳ ಮೇಲೆ ಮಂಕಿ ಟಾಪ್ ಎಂಬ ಮರದ ಚೂಪು ಮಾಡು ಇಳಿಬಿಟ್ಟ ಹೆಂಚಿನ ಮನೆಗಳು, ಒಂದು ಚರ್ಚು, ಒಂದು ತಂಗುಮನೆ, ತಂಗುಮನೆಯ ಯಜಮಾನನ ಮಗಳನ್ನು ನೋಡಲು ಕುದುರೆ ಏರಿ ಬರುತ್ತಿದ್ದ ಯುವಕ ಚರ್ಚಿಲ್. ಆಮೇಲೆ ಐಟಿ ಬಂತು, ಎಲ್ಲ ಹಾಳಾಯಿತು. ಈಚೆಗೆ ಈ ಲೇಖನ ಕನ್ನಡಕ್ಕೂ ಇಳಿದಿದೆ. ಅದನ್ನು ಓದಿದ ನಮ್ಮ ಜಯನಗರ, ಬನಶಂಕರಿಯ ಮಂದಿ ರಜೆಯ ದಿನ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ಆ ಹುಲ್ಲುಹಾಸಿನ ಸುತ್ತಿನ ಇನ್ನರ್ ಸರ್ಕಲ್ ನೋಡಿಕೊಂಡು ಬರುತ್ತಾರೆ. ಬಂದವರು ಅದೇ ಲೇಖನವನ್ನು ಬಾಯಲ್ಲಿ ಹೇಳುತ್ತಾರೆ.

ಇಷ್ಟು ಸಲ ಬರೆಸಿಕೊಂಡದ್ದು ಒಂದು ಪ್ರಕಾರವೇ ಆಗಿಬಿಡುತ್ತದೆ. ಪ್ರಕಾರವೆಂದ ಮೇಲೆ ಅದು ವಿಮರ್ಶೆಯನ್ನೂ ತಾಳಿಕೊಳ್ಳಬೇಕು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಸೋಮಾರಿ ಬರಹ. ಊರು ಹುಟ್ಟಿದ ಕಾರಣವನ್ನು ಅದು ಮುಚ್ಚಿಡುತ್ತದೆ, ಸೋತ ಬಗೆಯನ್ನು ಸೊಬಗೆಂದು ಮಾರುತ್ತದೆ.

ಇತಿಹಾಸದ ಮೇಲ್ಪದರ ಎಲ್ಲರಿಗೂ ಗೊತ್ತು. 1882ರಲ್ಲಿ ಡಿ.ಎಸ್. ವೈಟ್ ಮುಂದಾಳತ್ವದ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಹತ್ತನೆಯ ಚಾಮರಾಜ ಒಡೆಯರು 3,900 ಎಕರೆ ಕೊಟ್ಟರು, ಆ ಭೂಮಿಯಲ್ಲಿ ಎದ್ದ ಊರು ವೈಟ್‌ಫೀಲ್ಡ್. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಚರ್ಚಿಲ್ ಪ್ಯಾರಾವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪ್ರಕಾರದ ಜೀವ ಇರುವುದು ಅಲ್ಲೇ. ಅದರ ಮೊದಲ ವಾಕ್ಯ ಖಚಿತವಾದದ್ದು: ವಿನ್‌ಸ್ಟನ್ ಚರ್ಚಿಲ್ 1896ರಲ್ಲಿ ನಾಲ್ಕನೇ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಬೆಂಗಳೂರಿನ ದಂಡಿಗೆ ಬಂದ. ನಿಜ. ಎರಡನೆಯದೂ ಖಚಿತವೇ: ಈಗಿನ ಬೆಂಗಳೂರು ಕ್ಲಬ್ಬಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನಲ್ಲಿ 13 ರೂಪಾಯಿ ಬಾಕಿ ಇದೆ. ಇದೂ ನಿಜ. ಮೂರನೆಯ ವಾಕ್ಯಕ್ಕೆ ಬರುವ ಹೊತ್ತಿಗೆ ಓದುಗ ಎರಡು ಸಲ ತಲೆಯಾಡಿಸಿ ಆಗಿರುತ್ತದೆ. ಆಗ ‘ಹೇಳುತ್ತಾರೆ’ ಎಂಬ ಬಾಲ ಕಟ್ಟಿಕೊಂಡು ವೇವರ್ಲಿ ಇನ್ ಬರುತ್ತದೆ, ಅದರ ಯಜಮಾನ ಜೇಮ್ಸ್ ಹ್ಯಾಮಿಲ್ಟನ್ ಬರುತ್ತಾನೆ, ಮಗಳು ರೋಸ್ ಬರುತ್ತಾಳೆ. ನಾಲ್ಕನೆಯ ವಾಕ್ಯದಲ್ಲಿ ಆ ಬಾಲ ಉದುರಿಹೋಗಿರುತ್ತದೆ. ಚರ್ಚಿಲ್ ಸಂಜೆಯ ಹೊತ್ತು ಜಗುಲಿಯ ಮೇಲೆ ಕೂತೇ ಬಿಟ್ಟಿರುತ್ತಾನೆ. ಎರಡು ನಿಜಗಳ ಹೆಗಲ ಮೇಲೆ ಒಂದು ವದಂತಿಯನ್ನು ಕೂರಿಸಿ ಮೆರವಣಿಗೆ ಹೊರಡಿಸುವ ಈ ತಂತ್ರ ಹಳೆಯದು. ನಮ್ಮ ಸ್ಥಳಪುರಾಣಗಳೂ ಇದನ್ನೇ ಮಾಡುತ್ತವೆ. ಆದರೆ ಸ್ಥಳಪುರಾಣ ತನ್ನನ್ನು ಇತಿಹಾಸ ಎಂದು ಕರೆದುಕೊಂಡು ಅಡಿಟಿಪ್ಪಣಿಯ ಮರ್ಯಾದೆ ಕೇಳುವುದಿಲ್ಲ.

ದಾಖಲೆ ಏನು ಹೇಳುತ್ತದೆ? ಚರ್ಚಿಲ್ ತನ್ನ ಎಳವೆ ಮತ್ತು ಯೌವನದ ಕಥೆಯನ್ನು 1930ರಲ್ಲಿ ಪ್ರಕಟಿಸಿದ. ಬೆಂಗಳೂರಿನ ದಿನಗಳನ್ನು ಅದರಲ್ಲಿ ವಿವರವಾಗಿಯೇ ಬರೆದಿದ್ದಾನೆ. ಪೋಲೋ ಆಟ ಇದೆ, ಚಿಟ್ಟೆ ಹಿಡಿದದ್ದಿದೆ, ಮಧ್ಯಾಹ್ನದ ಬಿಸಿಲಲ್ಲಿ ಗಿಬ್ಬನ್ ಮತ್ತು ಮೆಕಾಲೆಯರನ್ನು ಓದಿದ್ದಿದೆ. ರೋಜಾ ಕೂಡ ಇದೆ, ಬಂಗಲೆಯ ತೋಟದ ಹೂವಾಗಿ. ಆ ವರ್ಷ ಅವನು ಯಾರಿಗಾದರೂ ಮನಸೋತಿದ್ದನೆ ಎಂದು ಹುಡುಕಿದರೆ ಪತ್ರಗಳ ಸಾಕ್ಷಿ ಇರುವುದು ಪಮೇಲಾ ಪ್ಲೌಡನ್ ಎಂಬಾಕೆಗೆ. ಅವಳನ್ನು ಕಂಡದ್ದು ಸಿಕಂದರಾಬಾದಿನಲ್ಲಿ. ವೈಟ್‌ಫೀಲ್ಡಿನ ಲೇಖಕರು ಪಮೇಲಾಳ ಹೆಸರನ್ನೇ ಎತ್ತುವುದಿಲ್ಲ, ಅವಳಿಗೆ ನಮ್ಮ ಕಡೆ ಒಂದು ತಂಗುಮನೆ ಇರಲಿಲ್ಲವಲ್ಲ.

ಇಷ್ಟೇ ಆಗಿದ್ದರೆ ಪಾಪ ಎಂದು ಬಿಟ್ಟುಬಿಡಬಹುದಿತ್ತು. ಕಥೆ ಹುಸಿಯಾಗಿದ್ದರೂ ಚಂದವಿರಬಹುದು. ನನ್ನ ತಕರಾರು ಅದು ಮಾಡುವ ಕೆಲಸದ ಬಗ್ಗೆ. ದಂಡಿನ ಬಿಳಿಯ ಅಧಿಕಾರಿವರ್ಗ ಯುರೋಪಿಯನ್ ಮತ್ತು ಭಾರತೀಯ ಮಿಶ್ರ ಮೂಲದ ಯುರೇಷಿಯನ್ನರನ್ನು ತನ್ನವರೆಂದು ಒಪ್ಪಿಕೊಂಡಿರಲಿಲ್ಲ. ಹಿಂದೂ ಮುಸಲ್ಮಾನ ಸಮಾಜವೂ ಒಳಗೆ ಬಿಟ್ಟುಕೊಂಡಿರಲಿಲ್ಲ. ಸರ್ಕಾರಿ ನೌಕರಿಗಳಲ್ಲಿ ಓದಿದ ಭಾರತೀಯರ ಪೈಪೋಟಿ ಏರುತ್ತಿತ್ತು. ಇಂಥ ಇಕ್ಕಟ್ಟಿನಲ್ಲಿ ಮದ್ರಾಸಿನಲ್ಲಿ ಸಂಘ ಕಟ್ಟಿದ ವೈಟ್ ಕಂಡ ದಾರಿ ಬೇಸಾಯ: ನಮ್ಮವರು ಗುಮಾಸ್ತಿಕೆ ಬಿಟ್ಟು ನೇಗಿಲು ಹಿಡಿಯಲಿ, ಯಾರ ಹಂಗೂ ಇಲ್ಲದೆ ಬದುಕಲಿ. ಇದು ಒಂದು ಸಮುದಾಯದ ಅವಮಾನದಿಂದ ಹುಟ್ಟಿದ ಊರು. ಇಂಥ ಊರಿನ ಕಥೆಗೆ ಆ ಅವಮಾನ ಮಾಡಿದ ವರ್ಗದವನನ್ನೇ ವರನ ಜಾಗಕ್ಕೆ ತಂದು ಕೂರಿಸಿದರೆ ವೈಟ್‌ನ ಹಟ, ಆ ಜನರ ಸಂಕಟ ಎರಡೂ ಮದುವೆಮನೆಯ ಗದ್ದಲದಲ್ಲಿ ಕಾಣದಾಗುತ್ತವೆ. ಹಾಗೆ ಮಾಡಿದ ಮೇಲೂ ಆ ಸಮುದಾಯವನ್ನು ಗೌರವಿಸಿದೆವೆಂದು ಲೇಖಕ ನಂಬಿರುತ್ತಾನೆ!

ಇನ್ನು ಊರಿನ ಆ ವೃತ್ತಾಕಾರದ ನಕ್ಷೆ. ಮನೆಗಳು ಸುತ್ತಲೂ, ನಡುವೆ ಬಯಲು, ಹೊರಗೆ ಹೊಲದ ತುಂಡುಗಳು. ಇನ್ನರ್ ಸರ್ಕಲ್, ಔಟರ್ ಸರ್ಕಲ್ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ಇದನ್ನು ನೋಡಿದವರೆಲ್ಲ ‘ಇಂಗ್ಲೆಂಡಿನ ಹಳ್ಳಿಯ ಪಡಿಯಚ್ಚು’ ಎನ್ನುತ್ತಾರೆ. ಯಾವ ಇಂಗ್ಲೆಂಡು? 1882ರ ಹೊತ್ತಿಗೆ ಅಲ್ಲಿನ ಹಳ್ಳಿಯೇ ಬರಿದಾಗುತ್ತಿತ್ತು. ಅಮೆರಿಕದಿಂದ ಅಗ್ಗದ ಗೋಧಿ ಬಂದು 1870ರ ದಶಕದಿಂದ ಅಲ್ಲಿಯ ಬೇಸಾಯ ಕುಸಿದಿತ್ತು. ಕೂಲಿಯವರು ಪಟ್ಟಣಕ್ಕೂ ಹಡಗಿಗೂ ಹೊರಟಿದ್ದರು. ಅದಕ್ಕೂ ನೂರು ವರ್ಷ ಮೊದಲು, 1770ರಲ್ಲೇ, ಗೋಲ್ಡ್‌ಸ್ಮಿತ್ ಪಾಳುಬಿದ್ದ ಹಳ್ಳಿಯ ಮೇಲೆ ಒಂದು ದೀರ್ಘ ಕವಿತೆ ಬರೆದಿದ್ದ. ‘ನಿನ್ನೆ ಮೊನ್ನೆಯ ತನಕ ಹಳ್ಳಿ ಚೆನ್ನಾಗಿತ್ತು’ ಎಂಬ ಕೊರಗು ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರತಿ ತಲೆಮಾರಿನಲ್ಲೂ ಹೇಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗುತ್ತದೆ ಎಂಬುದನ್ನು ರೇಮಂಡ್ ವಿಲಿಯಮ್ಸ್ 1973ರ ತನ್ನ ಪುಸ್ತಕದಲ್ಲಿ ತೋರಿಸಿ ಮುಗಿಸಿದ್ದಾನೆ. ನಮ್ಮ ಲೇಖಕರು ಆ ಕೊರಗಿನ ಕೊನೆಯ ಮೆಟ್ಟಿಲಲ್ಲಿ ನಿಂತು ಐಟಿಪಿಎಲ್ ಟೆಕ್ ಪಾರ್ಕಿನ ಕಡೆ ಬೆರಳು ತೋರಿಸುತ್ತಿದ್ದಾರೆ.

ಊರಿನ ಆಕಾರ ಬಿಟ್ಟು ಅದು ಹುಟ್ಟಿದ ರೀತಿಯನ್ನು ನೋಡಿ. ಅರಸ ಭೂಮಿ ಕೊಡುತ್ತಾನೆ. ಅದು ಒಂದೇ ಸಮುದಾಯಕ್ಕೆ. ಆ ಸಮುದಾಯ ತನ್ನ ದೇವರ ಮನೆಯನ್ನು ಕಟ್ಟಿಕೊಂಡು ಸಾಲುಮನೆಗಳಲ್ಲಿ ನೆಲೆಸುತ್ತದೆ. ಸುತ್ತಲಿನ ಹಳ್ಳಿಗಳ ನಡುವೆ ಇದ್ದೂ ಅವುಗಳಿಂದ ಬೇರೆಯಾಗಿರುತ್ತದೆ. ಇದಕ್ಕೆ ಕನ್ನಡ ನಾಡಿನಲ್ಲಿ ಸಾವಿರ ವರ್ಷದಿಂದ ಇರುವ ಹೆಸರು ಅಗ್ರಹಾರ. ಬೇಕಾದರೆ ಪಕ್ಕದಲ್ಲೇ ಪಟ್ಟಂದೂರು ಅಗ್ರಹಾರ ಇದೆ. ಮೆಟ್ರೊದಲ್ಲಿ ಹೋಗುವವರಿಗೆ ಆ ಹೆಸರನ್ನು ಧ್ವನಿವರ್ಧಕವೇ ಕೂಗಿ ಹೇಳುತ್ತದೆ. ವೈಟ್‌ಫೀಲ್ಡ್ ಮೈಸೂರು ಒಡೆಯರು ಕ್ರೈಸ್ತರಿಗೆ ಕೊಟ್ಟ ಅಗ್ರಹಾರ ಎಂದು ಓದಿದರೆ ಅರ್ಥವಾಗುವಷ್ಟು, ಇಂಗ್ಲಿಷ್ ಹಳ್ಳಿ ಎಂದು ಓದಿದರೆ ಆಗುವುದಿಲ್ಲ.

ಕೊಟ್ಟ ಕಾಲವನ್ನೂ ನೋಡಬೇಕು. 1876ರಿಂದ 78ರವರೆಗಿನ ಮಹಾಕ್ಷಾಮ ಮುಗಿದು ನಾಲ್ಕೇ ವರ್ಷ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಬ್ರಿಟಿಷರು ಐವತ್ತು ವರ್ಷ ಆಳಿ 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ದಿವಾನ ರಂಗಾಚಾರ್ಲು ಅವರ ಕೈಗೆ ಬಂದದ್ದು ಸಾಲದ ಬೊಕ್ಕಸ ಮತ್ತು ಉಳುವವರು ಸತ್ತ ಹೊಲಗಳು. ಉಳುತ್ತೇವೆ ಎಂದು ಬಂದವರಿಗೆ ಭೂಮಿ ಕೊಡುವುದು ಆಗಿನ ಆಡಳಿತಕ್ಕೆ ಔದಾರ್ಯವೂ ಹೌದು, ಲೆಕ್ಕಾಚಾರವೂ ಹೌದು ಎಂದು ನನ್ನ ಊಹೆ. ಹುಲ್ಲುಹಾಸಿನ ವರ್ಣನೆಗೆ ನಾಲ್ಕು ಪ್ಯಾರಾ ಇಡುವ ಲೇಖನಗಳಲ್ಲಿ ಕ್ಷಾಮಕ್ಕೆ ಒಂದು ವಾಕ್ಯವೂ ಇರುವುದಿಲ್ಲ.

ಅಗ್ರಹಾರಕ್ಕೂ ವೈಟ್‌ನ ಕನಸಿಗೂ ಒಂದು ದೊಡ್ಡ ವ್ಯತ್ಯಾಸ ಇತ್ತು. ಅಗ್ರಹಾರದವರು ತಾವು ಉಳುತ್ತೇವೆಂದು ಎಂದೂ ಹೇಳಲಿಲ್ಲ. ವೈಟ್ ಹೇಳಿದ. ಊರು ಮುಗ್ಗರಿಸಿದ್ದು ಅಲ್ಲಿ. ಕೆಂಪು ಜಲ್ಲಿಮಣ್ಣು, ಮಳೆಯನ್ನೇ ನಂಬಿದ ಬೇಸಾಯ, ಉಳುಮೆ ಕಂಡಿಲ್ಲದ ಪಟ್ಟಣದ ಮಕ್ಕಳು. ಒಂದು ಕಡೆ ಬೆಂಗಳೂರು ದಂಡು, ಇನ್ನೊಂದು ಕಡೆ ಆಗಷ್ಟೇ ಬಾಯಿ ತೆರೆದ ಕೋಲಾರದ ಚಿನ್ನದ ಗಣಿ, ಎರಡರ ನಡುವೆ ರೈಲು. ಹರೆಯದವರು ಸಂಬಳ ಇದ್ದಲ್ಲಿಗೆ ಹೋದರು. ಪಿಂಚಣಿ ಪಡೆದವರು ಉಳಿದರು. ಸ್ವಾತಂತ್ರ್ಯದ ನಂತರ ಉಳಿದವರಲ್ಲೂ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಹೊರಟರು. ನೆನಪಿನ ಲೇಖನಗಳು ಕೊಂಡಾಡುವ ಆ ‘ನಿದ್ದೆಗಣ್ಣಿನ ಶಾಂತಿ’ ಇದೇ: ದುಡಿಯುವ ವಯಸ್ಸಿನವರು ಬಿಟ್ಟುಹೋದ ಊರಿನ ಸದ್ದಿಲ್ಲದಿರುವಿಕೆ. 1933ರಲ್ಲಿ ಈಗಿನ ಜಾರ್ಖಂಡಿನಲ್ಲಿ ಇದೇ ಕನಸಿನಿಂದ ಕಟ್ಟಿದ ಮೆಕ್‌ಕ್ಲಸ್ಕಿಗಂಜ್ ಕೂಡ ಇದೇ ದಾರಿ ಹಿಡಿಯಿತು. ಅದರ ಬಗ್ಗೆಯೂ ಇಂಥದೇ ಲೇಖನಗಳು ಹುಟ್ಟಿವೆ. ಆಂಗ್ಲೋ-ಇಂಡಿಯನ್ನರ ಮನೆಯ ಕಲ್ಪನೆ ಕುರಿತು ಆಲಿಸನ್ ಬ್ಲಂಟ್ 2005ರಲ್ಲಿ ಬರೆದ ಗಂಭೀರ ಪುಸ್ತಕ ಇದೆ. ನಮ್ಮ ಪುರವಣಿಗಳಲ್ಲಿ ಅದರ ಸುಳಿವೇ ಇಲ್ಲ.

ಹಾಗಾದರೆ ಹೊಲದಲ್ಲಿ ಬೆವರು ಸುರಿಸಿದವರು ಯಾರು? ಸೌದೆ, ನೀರು, ಹಾಲು, ತರಕಾರಿ ಯಾರ ತಲೆಯ ಮೇಲೆ ಬಂತು? ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ, ಕಾಡುಗೋಡಿ ಈ ಬರಹಗಳಲ್ಲಿ ಬರುವುದು ದಾರಿಯ ಗುರುತಾಗಿ ಮಾತ್ರ. ಗೊರೂರರ ಹಳ್ಳಿಯ ಬರಹಗಳನ್ನು ಓದಿ ಬೆಳೆದ ನಮಗೆ ಹಳ್ಳಿ ಎಂದರೆ ಮೊದಲು ಜನ, ಅವರ ಜಗಳ, ಅವರ ಕುಚೋದ್ಯ. ವೈಟ್‌ಫೀಲ್ಡ್ ಲೇಖನದ ಹಳ್ಳಿಯಲ್ಲಿ ಮಾಡು ಇದೆ, ಕಿಟಕಿ ಇದೆ, ಬೋಗನ್‌ವಿಲ್ಲಾ ಇದೆ, ಅಡುಗೆಯವಳಿಗೆ ಹೆಸರಿಲ್ಲ.

ಒಪ್ಪಬೇಕಾದದ್ದನ್ನು ಒಪ್ಪಿಬಿಡೋಣ. ಉಳಿದಿರುವ ಕೆಲವು ಮನೆಗಳು ನಿಜಕ್ಕೂ ಚೆನ್ನಾಗಿವೆ. 1880ರ ದಶಕದ ಮೆಮೋರಿಯಲ್ ಚರ್ಚು ಉಳಿಯಬೇಕಾದ ಕಟ್ಟಡ. ಈ ಲೇಖನಗಳು ಬರದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂಬ ವಾದದಲ್ಲೂ ಹುರುಳಿದೆ.

ಈಗ ಇನ್ನೊಂದು ಬಣದ ಮಾತು. ನಾನು ವೈಟ್‌ಫೀಲ್ಡ್ ಪ್ರಕಾರದ ಬಗ್ಗೆ ಗೊಣಗಿದಾಗಲೆಲ್ಲ ನಮ್ಮ ಕನ್ನಡದ ಕೆಲವು ವಿಮರ್ಶಕ ಮಿತ್ರರು ಸಂಭ್ರಮದಿಂದ ಜೊತೆಗೆ ಬರುತ್ತಾರೆ. ‘ಅದೆಲ್ಲ ದಾಸ್ಯದ ಬುದ್ಧಿ ಸ್ವಾಮಿ, ನಮ್ಮ ಬೇಗೂರಿನ ವೀರಗಲ್ಲು ನೋಡಿ, ಸುಮಾರು 890ರದು, ಬೆಂಗಳೂರಿನ ಹೆಸರೇ ಅದರಲ್ಲಿದೆ’ ಎನ್ನುತ್ತಾರೆ. ಅವರ ಜೊತೆ ನನಗೆ ಇನ್ನೂ ದೊಡ್ಡ ಜಗಳವಿದೆ. ಒಂದು ಹುಲ್ಲುಹಾಸನ್ನು ಸೋಲಿಸಲು ಒಂದು ವೀರಗಲ್ಲನ್ನು ತರುವುದು ಅದೇ ಆಟದ ಇನ್ನೊಂದು ಪಂದ್ಯ; ಹಳ್ಳಿಗೆ ವಯಸ್ಸೇ ಪದಕ. ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿರುವ ಕೆಲಸ ದೊಡ್ಡದು. ಆದರೆ ಶಾಸನವನ್ನು ಓದದೆ ಅದರ ಇಸವಿಯನ್ನು ಮಾತ್ರ ಓದುವವರು ಆ ಕೆಲಸಕ್ಕೂ ಅನ್ಯಾಯ ಮಾಡುತ್ತಿದ್ದಾರೆ. ಕಾಡುಗೋಡಿಯ ಶಾಸನವನ್ನೇ ನೋಡಿ. ಅದು 1043ರದು, ರಾಜೇಂದ್ರ ಚೋಳನ ಕಾಲದ್ದು. ಬರೆದಿರುವುದು ತಮಿಳಿನಲ್ಲಿ, ಹಾಗಾಗಿ ನಮ್ಮ ಮಿತ್ರರ ಉತ್ಸಾಹ ಅಲ್ಲಿ ಸ್ವಲ್ಪ ತಗ್ಗುತ್ತದೆ. ಅದರ ಹೂರಣ ಏನು? ಪಟ್ಟಂದೂರಿನ ಕೆರೆ ಕಟ್ಟಿಸಿದ್ದು, ತೂಬು ಇಡಿಸಿದ್ದು, ದುರ್ಗೆ, ಗಣಪತಿ, ಕ್ಷೇತ್ರಪಾಲರನ್ನು ನಿಲ್ಲಿಸಿದ್ದು. ಅಂದರೆ ಅಲ್ಲಿ ಊರು ಕಟ್ಟಿದವರು ಮೊದಲು ನೀರಿನ ಬಗ್ಗೆ ಯೋಚಿಸಿದರು. ಎಂಟುನೂರು ವರ್ಷದ ನಂತರ ಬಂದ ನಕ್ಷೆಯ ನಡುಮಧ್ಯ ಇದ್ದದ್ದು ಹುಲ್ಲು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಲ್ಲ ಒಬ್ಬ ವಿಮರ್ಶಕ ಎರಡೂ ಬಣದಲ್ಲಿ ಇಲ್ಲ. ಒಬ್ಬರಿಗೆ ವೃತ್ತ ಬೇಕು, ಇನ್ನೊಬ್ಬರಿಗೆ ಕಲ್ಲು ಬೇಕು, ಕೆರೆ ಯಾರಿಗೂ ಬೇಡ.

ಇದಕ್ಕೆ ಸಾಕ್ಷಿ ಬೇಕಾದರೆ ನಗರದ ಪೂರ್ವಕ್ಕೆ ಹೋಗಬೇಕಾಗಿಯೂ ಇಲ್ಲ. ಬಿಟಿಎಂ ಎಂಬುದು ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರು. ಮಡಿವಾಳದ ಸೋಮೇಶ್ವರ ಗುಡಿಯ ಗೋಡೆಯಲ್ಲಿ 1247ರ ಶಾಸನ ಇದೆ, ಅದೂ ತಮಿಳಿನದು, ಅದರಲ್ಲೂ ಕೆರೆಯ ಕೆಳಗಿನ ಭೂಮಿಯ ಮಾತೇ. ಜೆ.ಪಿ. ನಗರದ ಒಳಗೆ ಮಾರೇನಹಳ್ಳಿ, ಪುಟ್ಟೇನಹಳ್ಳಿ, ಸಾರಕ್ಕಿ ಇವೆ. ಜಯನಗರದ ಅಂಚಿನಲ್ಲಿ ಯಡಿಯೂರು, ಸಿದ್ದಾಪುರ ಇವೆ. ಅರವತ್ತು ನಲವತ್ತರ ಸೈಟುಗಳ ನಡುವೆ ರಸ್ತೆ ಥಟ್ಟನೆ ಸೊರಗಿ, ಮನೆಗಳು ಒಂದಕ್ಕೊಂದು ಆತುಕೊಂಡು, ಮೂಲೆಯಲ್ಲಿ ಮಾರಮ್ಮನ ಗುಡಿ ಕಂಡರೆ ಹಳೇ ಗ್ರಾಮಠಾಣಕ್ಕೆ ಕಾಲಿಟ್ಟಿದ್ದೀರಿ ಎಂದರ್ಥ. ಊರಹಬ್ಬಕ್ಕೆ ಈಗಲೂ ಅಲ್ಲಿ ಆರತಿ ಹೊರುತ್ತಾರೆ. 2015ರಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಾದಾಗ ಬಂದ ವರದಿಗಳಲ್ಲಿ ಎಕರೆ, ಕೋಟಿ, ಜೆಸಿಬಿ ಎಲ್ಲ ಇದ್ದವು. ಆ ಕೆರೆಯ ನೀರಿನಲ್ಲಿ ಗದ್ದೆ ಮಾಡಿದ ಊರಿನ ಕಥೆ ಬರೆಯಲು ಒಬ್ಬ ಪುರವಣಿ ಲೇಖಕನೂ ಮುಂದಾಗಲಿಲ್ಲ. ಸಾರಕ್ಕಿಗೆ ಮಂಕಿ ಟಾಪ್ ಇಲ್ಲ, ಚರ್ಚಿಲ್ ಬರಲಿಲ್ಲ. ಅದರ ಬದಲು ಕನಕಪುರ ರಸ್ತೆಯ ಉದ್ದಕ್ಕೂ ಮೆಡೋಸ್, ಕೌಂಟಿ, ವುಡ್ಸ್ ಎಂದು ಹೆಸರಿಟ್ಟ ಅಪಾರ್ಟ್‌ಮೆಂಟುಗಳು ಎದ್ದಿವೆ. ಇಂಗ್ಲಿಷ್ ಹಳ್ಳಿಯ ಲೇಖನ ಈ ಹೆಸರುಗಳಿಗೆ ಪುಕ್ಕಟೆ ಜಾಹೀರಾತು.

ವೈಟ್‌ಫೀಲ್ಡ್ ಬಗ್ಗೆ ಒಳ್ಳೆಯ ಕನ್ನಡ ಪುಸ್ತಕ ಇನ್ನೂ ಬರಬೇಕಾಗಿದೆ. ಬರೆಯುವವರು ವಿಧಾನಸೌಧದ ರಾಜ್ಯ ಪತ್ರಾಗಾರದಲ್ಲಿ ಕೂತು ಮೈಸೂರು ಸಂಸ್ಥಾನದ 1880ರ ದಶಕದ ಕಂದಾಯದ ಕಡತಗಳಿಂದ ಶುರುಮಾಡಲಿ, ಆಮೇಲೆ ನಲ್ಲೂರಹಳ್ಳಿ, ಹಗದೂರಿನ ಹಿರಿಯರ ಜೊತೆ ಮಾತಾಡಲಿ, ಕೊನೆಗೆ ಬೇಕಿದ್ದರೆ ಇನ್ನರ್ ಸರ್ಕಲ್‌ಗೆ ಹೋಗಲಿ. ಈಗ ಬರುತ್ತಿರುವುದನ್ನು ಸಂಪಾದಕರು ಪ್ರವಾಸದ ಪುಟದಲ್ಲಿ ಹಾಕಿಕೊಳ್ಳಲಿ, ಇತಿಹಾಸದ ಪುಟದಲ್ಲಿ ಬೇಡ.